ಕತ್ತರಿ ಹಿಡಿಯದ ಕೈ

ಪ್ರೀತಿಯ ಪುಟ್ಟಿಗೆ ದೊಡ್ಡಣ್ಣನ ಆಶೀರ್ವಾದಗಳು.

ಮೊದಲು ಒಂದು ತಿದ್ದುಪಡಿ. ನಿನ್ನ ಚಿಕ್ಕಣ್ಣ ತೀರಿಕೊಂಡಾಗ ಬರೆದ ಪತ್ರದಲ್ಲಿ, ಅವನಿಗೆ ಕೆಲವು ವಾರಗಳಿಂದ ಬಲಗೈ ನೋಯುತ್ತಿತ್ತೆಂದು ತಿಳಿಸಿದ್ದೆ. ಅದು ತಪ್ಪು. ನೋಯುತ್ತಿದ್ದುದು ಎಡಗೈ. ಆಮೇಲೆ ಬಂದ ನಿನ್ನ ಪತ್ರಗಳಿಗೆ ಉತ್ತರಿಸದೆ ಉಳಿದುದಕ್ಕೂ ಕ್ಷಮೆಯಿರಲಿ.

ನಿನ್ನೆ ಅವನ ಹೊಲಿಗೆ ಅಂಗಡಿಯನ್ನು ತೆರವು ಮಾಡಲು ಅವನ ಹೆಂಡತಿ, ನಿನ್ನ ಅತ್ತಿಗೆಯೊಂದಿಗೆ ಹೋಗಿದ್ದೆ. ಅರ್ಧ ಹೊಲಿದ ಕೋಟು ಬೊಂಬೆಯ ಮೈಮೇಲೆಯೇ ಇತ್ತು. ಅಳತೆ ನೋಡುವ ಮೂಲೆಯ ಪರದೆ ಅಲ್ಲಾಡಿದಾಗಲೆಲ್ಲ ಇಬ್ಬರೂ ತಿರುಗಿ ನೋಡುತ್ತಿದ್ದೆವು. ಆ ಅಂಗಡಿಯಲ್ಲಿ ಕತ್ತು ನೋವೆಂದರೆ ಸೂಜಿಯ ಕೆಲಸ, ಕಾಲು ನೋವೆಂದರೆ ಮಿಷನ್ ತುಳಿದದ್ದು, ಕೈನೋವೆಂದರೆ ಕತ್ತರಿ. ಅಲ್ಲಿಗೆ ರೋಗನಿರ್ಣಯ ಮುಗಿಯುತ್ತಿತ್ತು. ಕತ್ತರಿಯನ್ನು ಕೈಗೆತ್ತಿಕೊಂಡ ಅತ್ತಿಗೆ ಇದ್ದಕ್ಕಿದ್ದಂತೆ ನಿಂತುಬಿಟ್ಟಳು.

"ಭಾವ, ಇದನ್ನ ಹಿಡೀತಿದ್ದಿದ್ದು ಬಲಗೈಲಿ. ಅವರು ಉಜ್ಜು ಉಜ್ಜು ಅಂತಿದ್ದಿದ್ದು ಈ ಎಡಗೈನ. ನಾವ್ಯಾರೂ ನೋಡ್ಲೇ ಇಲ್ವಲ್ಲ!"

ಮನೆಗೆ ಬಂದರೆ ನಿನ್ನ ಪತ್ರ ಕಾದಿತ್ತು. "ಇಸ್ತ್ರಿ ಕೆಲಸ ಅಲ್ವಾ ಅಣ್ಣಾ, ಬಿಸಿ ಮುಂದೆ ನಿಂತು ನಿಂತು ಎದೆ ಉರಿಯುತ್ತೆ. ಮೆಟ್ಟಿಲು ಹತ್ತಿದ್ರೆ ದವಡೆ ಹಿಡ್ಕೊಳ್ಳುತ್ತೆ, ನಿಂತ್ರೆ ಬಿಡುತ್ತೆ. ಮುದುಕಿ ಆದೆ ಬಿಡು!" ಎಂದು ನಗಾಡಿದ್ದೀಯೆ. ಅಕ್ಷರ ನಿನ್ನದು, ನನಗೆ ಕೇಳಿಸಿದ್ದು ಅವನ ಧ್ವನಿ.

ಇಸ್ತ್ರಿಪೆಟ್ಟಿಗೆಗೂ ದವಡೆಗೂ ಏನಮ್ಮ ಸಂಬಂಧ? ಅಪ್ಪ ಐವತ್ತು ಮುಟ್ಟದೆ ಎದೆನೋವಿನಿಂದ ಹೋದರು. ಬೀಡಿ ಬಿಡದ ಚಿಕ್ಕಣ್ಣನೂ ಹಾಗೆಯೇ ಹೋದ. ನೀನು ಬೀಡಿ ಮುಟ್ಟಿದವಳಲ್ಲ, ನಿಜ; ಆದರೆ ನಿನಗೆ ಸಕ್ಕರೆ ಕಾಯಿಲೆಯಿದೆ, ರಕ್ತದೊತ್ತಡದ ಮಾತ್ರೆ ನೆನಪಾದ ದಿನ ಮಾತ್ರ. ಇವುಗಳಲ್ಲಿ ಯಾವ ಒಂದೂ ರೋಗವನ್ನು ನಿಶ್ಚಯಿಸಲಾರದು. ಆದರೆ ಎಲ್ಲವೂ ಒಂದೇ ಮನೆಯಲ್ಲಿ ಕೂಡಿರುವಾಗ, "ನೋಡೋಣ, ನಾಳೆ ಹೋದರಾಯಿತು" ಎನ್ನುವ ಸ್ವಾತಂತ್ರ್ಯ ನಮಗಿಲ್ಲ. ಕುಳಿತರೂ ನೋವು ಬಿಡದಿದ್ದರೆ, ಬೆವರೊಡೆದರೆ, ಕೂಡಲೇ ಆಂಬುಲೆನ್ಸ್ ಕರೆಯಬೇಕು, ನಡೆದು ಹೊರಡತಕ್ಕದ್ದಲ್ಲ.

ಫೋನು ಮಾಡಿದರೆ ನೀನು ನಗಿಸಿ ಮಾತು ತೇಲಿಸುತ್ತೀಯೆ. ಆದ್ದರಿಂದ ಈ ಪತ್ರವನ್ನು ಅತ್ತಿಗೆಯೇ ತರುತ್ತಿದ್ದಾಳೆ. ಆಸ್ಪತ್ರೆಗೆ ಕರೆದೊಯ್ಯಲು ಕೆಳಗೆ ಗಾಡಿ ನಿಂತಿದೆ. ಕೂತ್ಕೊಳ್ಳಿ ಎಂದು ಉಪಚರಿಸುತ್ತ ತಡಮಾಡಬೇಡ. ಗಿರಾಕಿಗಳು ಒಂದು ದಿನ ಸುಕ್ಕುಬಟ್ಟೆ ಉಟ್ಟರೆ ಊರು ಮುಳುಗದು. ನೂರ್ಕಾಲ ಬಾಳು ತಾಯಿ.

ನಿನ್ನ ದೊಡ್ಡಣ್ಣ

ತಾ.ಕ.: ಪಕ್ಕದ ಬೀದಿಯಲ್ಲೇ ಇದ್ದ ನನಗೆ ಅವನು ಏಕೆ ಒಂದು ಮಾತು ಹೇಳಲಿಲ್ಲವೆಂದು ನಿನ್ನೆ ಅತ್ತಿಗೆಯನ್ನು ಕೇಳಿದೆ. ಅವಳು ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತುತ್ತ ಹೇಳಿದಳು: "ಹೇಳೋಕಂತಲೇ ಹೊರಟಿದ್ರು ಭಾವ. ನಿಮ್ಮ ಬಾಗಿಲ ತನಕ ಬಂದು ವಾಪಸ್ ಹೋದ್ರಂತೆ. 'ಅಣ್ಣ ಎಲ್ಲಿ ನೋವು, ಎಂಥ ನೋವು, ಸರಿಯಾಗಿ ಹೇಳು ಅಂತಾನೆ. ನಂಗೆ ಹಾಗೆಲ್ಲ ಹೇಳೋಕೆ ಬರಲ್ಲ' ಅಂದ್ರು."

ಪುಟ್ಟಿ, ಡಾಕ್ಟರ ಮುಂದೆ ನಿನಗೆ ಬಂದ ಹಾಗೆ ಹೇಳು. ತಪ್ಪುತಪ್ಪಾಗಿಯೇ ಹೇಳು.

ಬರೆದು ಮುಗಿಸಿದ್ದು: ಮಾರ್ಚ್ ಹನ್ನೆರಡು, ಬೆಳಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷ.