ಸ್ಟಾರ್ಟರ್ ಡಬ್ಬದ ಜೇನು

ಮಾರ್ಚ್ 14, ಶನಿವಾರ

ಇವತ್ತಿಗೆ ಒಂಬತ್ತು ದಿನ, ತೋಟಕ್ಕೆ ತೊಟ್ಟು ನೀರಿಲ್ಲ. ಬೋರಲ್ಲಿ ನೀರಿದೆ, ಹಗಲಲ್ಲೇ ತ್ರೀಫೇಸ್ ಕರೆಂಟೂ ಬರ್ತಿದೆ. ಆದ್ರೆ ಮೋಟರಿನ ಸ್ಟಾರ್ಟರ್ ಡಬ್ಬದೊಳಗೆ ಜೇನು ಕೂತಿದೆ! ಹೊಂಗೆ ಹೂ ಬಿಟ್ಟಿದ್ದೇ ತಡ, ಊರ ತುಂಬ ಮರ ಇದ್ರೂ ಇವಕ್ಕೆ ನಮ್ಮ ಡಬ್ಬಾನೇ ಬೇಕಾಯ್ತು.

ಹೊಗೆ ಹಾಕ್ತೀನಿ ಅಂದ್ರೆ ನಮ್ಮನೆಯವರು ಬಿಡಲ್ಲ. "ಜೇನು ಬಂದ್ರೆ ಕಾಯಿ ಚೆನ್ನಾಗಿ ಕಚ್ಚುತ್ತೆ ಕಣೇ. ಹೂವು ಮುಗಿದ್ಮೇಲೆ ಅವೇ ಹೋಗ್ತವೆ, ತಡ್ಕೊ." ತಡ್ಕೊಳ್ಳೋಕೆ ಇವರಿಗೇನು ಕಷ್ಟ? ಬೆಳಗ್ಗೆ ಬೈಕ್ ಹತ್ತಿ ತಿಪಟೂರಿನ ಆಫೀಸಿಗೆ ಹೋದ್ರೆ ಬರೋದು ಸಂಜೆಗೆ. ಹೋದ ವರ್ಷ ನೆಟ್ಟ ತೆಂಗಿನ ಸಸಿಗಳಿಗೆ ಮನೆ ತೊಟ್ಟಿಯಿಂದ ಬಿಂದಿಗೇಲಿ ನೀರು ಹೊತ್ತು ಸೊಂಟ ಬಿದ್ದೋಗಿರೋದು ನಂದು. ಅಷ್ಟಾದ್ರೂ ಎರಡು ಸಸಿ ಒಣಗೇ ಹೋದ್ವು.

ಸಾಕಾಯ್ತು. ಇವತ್ತು ಎರಡನೇ ಶನಿವಾರ, ರಜ. ಇವರು ಉಂಡು ಮಲಗಿದ್ದೇ ಗೋಣಿಚೀಲ ಹೊದ್ದು, ತೆಂಗಿನ ಮಟ್ಟೆಗೆ ಬೆಂಕಿ ಹಚ್ಚಿ ತೋಟಕ್ಕೆ ಹೋದೆ. ಡಬ್ಬ ತೆಗೆದ್ರೆ ಒಂದು ಹುಳಾನೂ ಇಲ್ಲ! ಅಂಗೈಯಗಲದ ಖಾಲಿ ಜೇನಿನ ಎರಿ ಅಷ್ಟೇ. ಕಿತ್ತೆಸೆದು ಹಸಿರು ಗುಂಡಿ ಒತ್ತಿದೆ. ನೀರು ಬಂತು.

ಮನೆಗೆ ಬಂದ್ರೆ ಇವರು ಕೀ ಹಿಡ್ಕೊಂಡು ಅಂಗಳದಲ್ಲಿ ನಿಂತಿದ್ದಾರೆ. ಬೈಕಿನ ಹ್ಯಾಂಡಲ್‌ಗೆ ಅದೇ ಜೇನು, ಗೊಂಚಲು ಗೊಂಚಲಾಗಿ.

"ಬೇಗ ಹೊಗೆ ಹಾಕೇ!"

ಹೊಗೆಯಾಡ್ತಿದ್ದ ಮಟ್ಟೇನ ಬಕೆಟ್ಟಿಗೆ ಅದ್ದಿ ಆರಿಸ್ದೆ. "ಹೂವು ಮುಗಿದ್ಮೇಲೆ ಅವೇ ಹೋಗ್ತವೆ, ತಡ್ಕೊಳ್ರೀ."

ಸೋಮವಾರ ತಿಪಟೂರಿನ ಬಸ್ಸು ಬೆಳಗ್ಗೆ ಏಳೂವರೆಗೇ ಅಂತೆ. ನಾನಂತೂ ಎಬ್ಬಿಸಲ್ಲ.