ತೆರೆಯುವಾಗ ಸದ್ದು ಮಾಡುವ ಬಾಗಿಲು

೨೦೨೫ ನವೆಂಬರ್ ೩, ಸೋಮವಾರ

ಬೀಡಿ ಕಾರ್ಮಿಕರ ಆಸ್ಪತ್ರೆಯವರು ಹೇಳಿದ್ದು: ಬೀಡಿ ಕಟ್ಟುವವರಿಗೆಲ್ಲ ಎದೆ ತಪಾಸಣೆ. ಮಾಡಿದ್ದು: ಸಂಘದಿಂದ ಅರ್ಜಿ ಹಾಕಿದ ಮೂವತ್ತು ಜನರಲ್ಲಿ ಒಂಬತ್ತು ಜನರಿಗೆ.
ಹೇಳಿದ್ದು: ಒಂದು ತಿಂಗಳಲ್ಲಿ ದೊಡ್ಡ ಆಸ್ಪತ್ರೆಗೆ ಶಿಫಾರಸು ಪತ್ರ. ಕೊಟ್ಟದ್ದು: ಇಲ್ಲ.
ಹೇಳಿದ್ದು: ಧೂಳಿನ ಕಾಯಿಲೆಯನ್ನು ಒಪ್ಪಿಕೊಳ್ಳುತ್ತೇವೆ. ಒಪ್ಪಿದ್ದು: ಇಲ್ಲ. ನನ್ನ ಅರ್ಜಿ ಮೂರನೇ ಸಲ ವಾಪಸ್.

ಶಿಫಾರಸು ವಿಭಾಗದ ತಾರಾನಾಥರು ಎಕ್ಸ್‌ರೇ ಎತ್ತಿ ತೋರಿಸಿದರು. ಶ್ವಾಸಕೋಶ ಸ್ವಚ್ಛ ಉಂಟಂತೆ. ಇಪ್ಪತ್ತೆಂಟು ವರ್ಷ ಹೊಗೆಸೊಪ್ಪಿನ ಧೂಳು ಕುಡಿದವಳ ಶ್ವಾಸಕೋಶ! ಮೇಜು ಗುದ್ದಿದೆ. ಹೊರಗೆ ಬಂದು ಘೋಷಣೆ ಎತ್ತಿದೆ. ಅರ್ಧಕ್ಕೇ ಉಸಿರು ಕಟ್ಟಿತು. ಮೆಟ್ಟಿಲ ಮೇಲೆ ಕುಳಿತೆ. ಜೊತೆಗೆ ಬೀಡಿ ಕಟ್ಟುವ ಸಮೀನಾ ಪಕ್ಕದಲ್ಲಿದ್ದಳು, ಉಳಿದರ್ಧ ಕೂಗಿ ಮುಗಿಸಿದಳು — ಕೆಮ್ಮುತ್ತ.

ನವೆಂಬರ್ ೭, ಶುಕ್ರವಾರ, ಸಂಜೆ

ಮಗಳು ಮೋಕ್ಷಾ ಬಿಡಲಿಲ್ಲ. ಫಳ್ನೀರಿನ ಒಂದು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಡಾಕ್ಟರರು ಸ್ಟೆತೊಸ್ಕೋಪ್ ಎಡಎದೆಯ ಮೇಲಿಟ್ಟು ತುಂಬ ಹೊತ್ತು ಕೇಳಿದರು. ಹೃದಯದ ಸ್ಕ್ಯಾನು, ಎಕೋ ಮಾಡಿಸಿ ಎಂದರು. ಎಕೋ ತೆಗೆಯುವವಳು ಲವಿನಾ. ತಣ್ಣನೆಯ ಜೆಲ್ ಹಚ್ಚಿದಳು, ಪರದೆಯನ್ನು ನನ್ನ ಕಡೆ ತಿರುಗಿಸಿದಳು.

ನೋಡಿದೆ. ನನ್ನ ಹೃದಯ — ಐವತ್ತೊಂದು ವರ್ಷ ಒಳಗೇ ದುಡಿದು ಒಂದು ದಿನವೂ ಮುಖ ತೋರಿಸದ ಕೆಲಸಗಾತಿ.

ನಾಲ್ಕು ಬಾಗಿಲು. ಒಂದು ಜೋಡಿ ತೆರೆದಾಗ ಇನ್ನೊಂದು ಜೋಡಿ ಮುಚ್ಚಿರುತ್ತದೆ. ರಕ್ತ ಮುಂದಕ್ಕೆ ಮಾತ್ರ. ಹಿಂದಕ್ಕೆ ಬಾರದ ಹಾಗೆ ಕಾವಲು. ತೆರೆಯುವವರು ಯಾರು, ಕೇಳಿದೆ. ಯಾರೂ ಇಲ್ಲವಂತೆ. ಮೋಟಾರಿಲ್ಲ, ಕೀಲಿಲ್ಲ. ಈ ಕಡೆ ಒತ್ತಡ ಹೆಚ್ಚಾದರೆ ತೆರೆಯಿತು, ಆ ಕಡೆ ಹೆಚ್ಚಾದರೆ ಮುಚ್ಚಿತು. ಇಷ್ಟು ವರ್ಷ ಮುಷ್ಕರಕ್ಕೆಂದು ಮಾಲೀಕರ ಗೇಟಿನ ಮುಂದೆ ನಿಂತವಳಿಗೆ ಇದನ್ನು ಬಿಡಿಸಿ ಹೇಳಬೇಕೇ?

ಲಬ್ ಡಬ್ ಎನ್ನುವುದು ತೆರೆಯುವ ಸದ್ದೆಂದುಕೊಂಡಿದ್ದೆ. ಲವಿನಾ ತಿದ್ದಿದಳು.

"ಅಲ್ಲ ಆಂಟಿ, ಮುಚ್ಚುವ ಸದ್ದು ಅದು. ಲಬ್ ಒಂದು ಜೋಡಿ, ಡಬ್ ಇನ್ನೊಂದು ಜೋಡಿ. ಒಳ್ಳೆ ಬಾಗಿಲು ತೆರೆಯುವಾಗ ಸದ್ದೇ ಮಾಡುವುದಿಲ್ಲ. ನಿಮ್ಮದು ಮಾಡ್ತಾ ಉಂಟು."

ಎಡಭಾಗದ ಒಂದು ಬಾಗಿಲಿನ ಎರಡು ಎಲೆಗಳು ಅಂಚಿನಲ್ಲಿ ಅಂಟಿಕೊಂಡಿವೆ. ಎರಡು ಬೆರಳು ಹೋಗಬೇಕಾದಲ್ಲಿ ಈಗ ಕಿರುಬೆರಳಿಗೂ ಕಷ್ಟ. ಧೂಳಲ್ಲ. ಚಿಕ್ಕವಳಿದ್ದಾಗ ಗಂಟಲು ನೋವು, ಆಮೇಲೆ ಜ್ವರ, ಕೀಲು ಬಾವು — ಯಾರೂ ಔಷಧಿ ಮಾಡಿರಲಿಲ್ಲ. ಅದರ ಗಾಯ. ತೊಡೆಯ ರಕ್ತನಾಳದಿಂದ ಬಲೂನು ಕಳುಹಿಸಿ, ಬಾಗಿಲಲ್ಲಿ ಊದಿ, ಅಂಟನ್ನು ಬಿಡಿಸಬಹುದಂತೆ. ಎರಡು ತಿಂಗಳೊಳಗೆ ಆಗಬೇಕು ಎಂದರು ಡಾಕ್ಟರರು. ಇಲ್ಲವಾದರೆ ಶ್ವಾಸಕೋಶಕ್ಕೆ ನೀರು.

ನವೆಂಬರ್ ೮, ಶನಿವಾರ

ಬೀಡಿ ಕಟ್ಟುತ್ತ ಅದನ್ನೇ ನೆನೆದೆ. ದಿನಕ್ಕೆ ಸಾವಿರ ಬೀಡಿಯ ಬಾಯಿ ಮಡಚಿದರೆ ನನ್ನ ಹೆಬ್ಬೆರಳು ಮರಗಟ್ಟುತ್ತದೆ. ಅವಳು, ಒಳಗಿನ ಕೆಲಸಗಾತಿ, ದಿನಕ್ಕೆ ಲಕ್ಷ ಸಲ. ಕಾಗದದಷ್ಟು ತೆಳ್ಳಗಿನ ಎಲೆ! ಅದು ಹಿಂದಕ್ಕೆ ಮಗುಚದಂತೆ ಹಿಡಿದಿರುವ ಸಣ್ಣ ಸಣ್ಣ ನೂಲುಗಳು. ಯಾವ ಕಸುಬುದಾರನ ಕೈ ಇಷ್ಟು ನಯ?

ಅವಳಿಗೂ ವಿರಾಮ ಉಂಟು — ಎರಡು ಬಡಿತಗಳ ನಡುವೆ. ಆಗಲೇ ಹೃದಯ ತುಂಬುವುದು. ಕೂಗಿದರೆ, ಓಡಿದರೆ ಬಡಿತ ಜೋರು, ವಿರಾಮ ಕಡಿಮೆ. ಇಕ್ಕಟ್ಟಿನ ಬಾಗಿಲಲ್ಲಿ ರಕ್ತ ಬರುವಷ್ಟರಲ್ಲಿ ಹೊತ್ತು ಮುಗಿಯಿತು. ವಿರಾಮ ಕಸಿದರೆ ಕೆಲಸ ಕೆಡುತ್ತದೆ. ಇದನ್ನು ಮಾಲೀಕರಿಗೆ ಎಷ್ಟು ಸಲ ಹೇಳಲಿಲ್ಲ ನಾನು.

ನವೆಂಬರ್ ೧೯, ಬುಧವಾರ

ಹತ್ತು ದಿನ ಬರೆಯಲಿಲ್ಲ. ಮಲಗಿದರೆ ಉಸಿರಿಲ್ಲ. ಕುಳಿತೇ ನಿದ್ದೆ.

ಇವತ್ತು ಎಕೋ ವರದಿ ಹಿಡಿದು ಹೋದೆ. ಜಗಳಕ್ಕೆ ತಯಾರಾಗಿಯೇ. ತಾರಾನಾಥರು ಕಡತ ತೆರೆದು ಮುಂದಿಟ್ಟರು. 'ಕಾಯಿಲೆ: ಹೊಗೆಸೊಪ್ಪಿನ ಧೂಳು. ಹೃದಯದ ತೊಂದರೆ: ಇಲ್ಲ.' ನನ್ನದೇ ಅಕ್ಷರ. ನನ್ನದೇ ಸಹಿ. ಒಂದು ಮಧ್ಯಾಹ್ನ ಕುಳಿತು ಮೂವತ್ತು ಅರ್ಜಿಗಳನ್ನೂ ನಾನೇ ತುಂಬಿದ್ದೆ. ಎಲ್ಲದರಲ್ಲೂ ಅದೇ ಎರಡು ಸಾಲು. ಬೀಡಿಯವಳಿಗೆ ಉಸಿರು ಕಟ್ಟಿದರೆ ಧೂಳಲ್ಲದೆ ಇನ್ನೇನು — ಯಾರನ್ನೂ ಕೇಳಲಿಲ್ಲ. ನನ್ನನ್ನೂ ಕೇಳಿಕೊಳ್ಳಲಿಲ್ಲ.

"ನೀವು ಬರೆದ ಹಾಗೆಯೇ ನಾವು ಶ್ವಾಸಕೋಶದ ಡಾಕ್ಟರರಿಗೆ ಕಳಿಸಿದ್ದು, ಬಾಗಿಯಕ್ಕ. ತಪ್ಪು ಅಂತ ಬರೆದು ಕೊಡಿ. ಶಿಫಾರಸು ಮಂಜೂರು ಮಾಡುವ ಮಂಡಳಿಗೆ ಇಡ್ತೇನೆ."

ಎಕೋ ವರದಿಯ ಪ್ರತಿಯನ್ನು ಅವರ ಮೇಜಿನ ಮೇಲಿಟ್ಟು ಬಂದೆ.

ನವೆಂಬರ್ ೨೪, ಸೋಮವಾರ

ಹಂಪನಕಟ್ಟೆಯ ಸಂಘದ ಕೋಣೆ. ಎಲ್ಲರ ಮುಂದೆ ಹೇಳಿದೆ. ಸಮೀನಾಳ ಮುಖ ಕೆಂಪಾಯಿತು.

"ಪಟ್ಟಿಯಲ್ಲಿ ಮೊದಲ ಹೆಸರೇ ನಿನ್ನದು ಮಾರಾಯ್ತಿ. ನೀನೇ ಸುಳ್ಳು ಅಂದರೆ ನಮ್ಮ ಕೆಮ್ಮನ್ನು ಯಾರು ನಂಬ್ತಾರೆ?"

"ನಿನ್ನ ಧೂಳು ನಿಜ. ನನ್ನದು ಮಾತ್ರ ಸುಳ್ಳು. ಕಟ್ಟಿನಲ್ಲಿ ಒಂದು ಬೀಡಿ ಹಾಳಿದ್ದರೆ ಚೆಕ್ಕರ್ ಎಂತ ಮಾಡ್ತಾನೆ?"

ಬೀಡಿ ಪರೀಕ್ಷಿಸಿ ತೆಗೆದುಕೊಳ್ಳುವ ಅವನು ಇಡೀ ಕಟ್ಟನ್ನೇ ಮುರಿಯುತ್ತಾನೆ. ಅಲ್ಲಿದ್ದ ಎಲ್ಲರಿಗೂ ಗೊತ್ತು. ಅವನು ಹೆಕ್ಕುವ ಮೊದಲು ನಾವೇ ಹೆಕ್ಕಿ ತೆಗೆಯುವುದು ಲೇಸು. ಒಬ್ಬೊಬ್ಬರನ್ನೂ ಕೂರಿಸಿ, ಕೇಳಿ, ಹೊಸ ಅರ್ಜಿ ಬರೆಯುವುದೆಂದು ತೀರ್ಮಾನ. ಸಮೀನಾ ಪೆನ್ನು ನನ್ನ ಕೈಗಿಟ್ಟಳು. "ಬರಿ. ಬಲೂನು ಊದಿಸಿಕೊಂಡು ಬೇಗ ಬಾ. ಘೋಷಣೆಯಲ್ಲಿ ನಿನ್ನ ಅರ್ಧ ನನ್ನಿಂದ ಆಗುವುದಿಲ್ಲ."

ನವೆಂಬರ್ ೨೫, ಮಂಗಳವಾರ, ಮಧ್ಯಾಹ್ನ

ಪತ್ರ ಕೊಟ್ಟು ಬಂದೆ. ತಪ್ಪು ನನ್ನದು, ಹಕ್ಕೂ ನನ್ನದು — ಎರಡನ್ನೂ ಬರೆದಿದ್ದೇನೆ. ತಾರಾನಾಥರು ಮೊಹರು ಹಾಕಿ ಪ್ರತಿ ಕೊಟ್ಟರು.

ಎದೆಯ ಮೇಲೆ ಅಂಗೈ ಇಟ್ಟು ಕುಳಿತಿದ್ದೇನೆ. ಅಂಟಿದ ಎಲೆ, ಕಿರುಬೆರಳ ಸಂದು, ಆದರೂ ತೆರೆಯುತ್ತಾಳೆ. ಮುಚ್ಚುತ್ತಾಳೆ. ಮತ್ತೆ ತೆರೆಯುತ್ತಾಳೆ. ಇಷ್ಟು ವರ್ಷ ಇವಳಿಗೊಂದು ಜೈಕಾರ ಹಾಕಲಿಲ್ಲವಲ್ಲ.

ಮಂಡಳಿ ಸೇರುವುದು ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಹತ್ತು ಗಂಟೆಗೇ ಮೆಟ್ಟಿಲ ಬುಡದಲ್ಲಿರಬೇಕು. ಒಂದೊಂದಕ್ಕೂ ನಿಂತು, ಅವಳು ತುಂಬಿಕೊಳ್ಳುವಷ್ಟು ಹೊತ್ತು ಕೊಟ್ಟು ಹತ್ತಬೇಕು. ಮಂಡಳಿ ನನ್ನನ್ನು ಕರೆದಿರುವುದು ಡಿಸೆಂಬರ್ ೩, ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ.