ಪಂಪಿಲ್ಲದ ತೊಟ್ಟಿ

ಆಕ್ಲೆಂಡ್ ವಿಜ್ಞಾನ ಸ್ಪರ್ಧೆಯ ಪರಮಪೂಜ್ಯ ತೀರ್ಪುಗಾರರಾದ ಪಾಮರ್ ಮೇಡಂ ಅವರ ಸನ್ನಿಧಿಗೆ,

ನನ್ನ ಗಾಜಿನ ತೊಟ್ಟಿಯಲ್ಲಿರುವುದು ನನ್ನ ಅಜ್ಜಿ ಇರುವ, ಸಮುದ್ರ ನುಂಗುತ್ತಿರುವ ಕಿರಿಬಾಸ್ ದ್ವೀಪದ ಮಾದರಿ. ತೊಟ್ಟಿಯಲ್ಲಿ ನೀರು ತಾನಾಗಿ ಏರುವುದನ್ನು ಕಂಡು, "ಪಂಪು ಎಲ್ಲಿ ಬಚ್ಚಿಟ್ಟಿದ್ದೀಯೋ, ಕಳ್ಳ?" ಎಂದಿರಿ. ದೇವರಾಣೆ, ಪಂಪಿಲ್ಲ. ನನ್ನ ಚೇಷ್ಟೆಗಳ ಕೀರ್ತಿ ಅಷ್ಟು ದೊಡ್ಡದು, ಯಾರೂ ನಂಬುತ್ತಿಲ್ಲ.

ಪಂಪು ಹುಡುಕಲು ನೀವು ಒಂದು ಬಕೆಟ್ ನೀರು ತೆಗೆಸಿದಾಗ ಅಜ್ಜಿ ಫೋನಿನಲ್ಲಿದ್ದಳು. "ಮಂಚ ಮುಟ್ಟಿದ್ದ ಸಮುದ್ರ ಹೊಸಿಲಿಗೆ ಇಳೀತು ಕಣೋ ಮಗಾ, ಯಾರೋ ಮೊಗೆದ ಹಾಗೆ!" ಎಂದಳು. ಪಂಪು ಸಿಗದೆ ನೀವು ನನ್ನನ್ನು ಹೊರಗಟ್ಟಿ, ಬಕೆಟ್ ಕೆಳಗಿಟ್ಟಿರಿ. ತೊಟ್ಟಿ ಮತ್ತೆ ತುಂಬುತ್ತಿರುವುದು ಕಿಟಕಿಯಿಂದ ಕಾಣುತ್ತಿದೆ. ಅಜ್ಜಿ ಈಗ ಮೇಜಿನ ಮೇಲೆ ನಿಂತಿದ್ದಾಳಂತೆ.

ನಾನು ಆಸೆಪಟ್ಟ ಪದಕ ಬೇರೆಯವರಿಗೆ ಕೊಡಿ. ಮೋಸಗಾರನೆಂದು ಬೇಕಾದರೆ ಬರೆದುಕೊಡುತ್ತೇನೆ. ದಯವಿಟ್ಟು ಬಕೆಟ್ ಮತ್ತೆ ಕೈಗೆತ್ತಿಕೊಂಡು ಪಂಪು ಹುಡುಕುತ್ತಲೇ ಇರಿ.

ಬಾಗಿಲಾಚೆ ಕಾದು ನಿಂತಿರುವ,
ಬರನಿಕೋ